ತೀವ್ರ ನಿಗಾ ಘಟಕಕ್ಕೆ ಔಷಧತಜ್ಞರೂ ಬೇಕು

ಕಳಸ, ಮೂಡಿಗೆರೆ ಕಡೆಯ ರೋಗಿಯೊಬ್ಬ ಚಿಕ್ಕಮಗಳೂರಿನ ತೀವ್ರ ನಿಗಾ ಘಟಕ ಸೇರುವ ವೇಳೆಗೆ ಅನೇಕ ಸಲ ಒಂದೆರಡು ಕಡೆ ಚಿಕಿತ್ಸೆ ಪಡೆದಿರುತ್ತಾನೆ. ಅವನು ಅಸ್ಸಾಮಿನಿಂದ ಬಂದು ಕಾಫಿ ತೋಟದ ಲೈನ್‌ಮನೆಯಲ್ಲಿರುವ ಕಾರ್ಮಿಕನಾದರೆ, ಈವರೆಗೆ ಯಾವ ಔಷಧ ಕೊಡಲಾಗಿದೆ ಎಂಬುದನ್ನು ವೈದ್ಯರಿಗೆ ಅರ್ಥವಾಗುವಂತೆ ವಿವರಿಸುವವರೂ ಇರಲಾರರು. ಆ ಮಾಹಿತಿಯನ್ನು ಕಲೆಹಾಕಿ, ಮುಂದಿನ ಪ್ರತಿಯೊಂದು ಔಷಧವನ್ನೂ ಅದರೊಂದಿಗೆ ತಾಳೆ ನೋಡುವ ಹೊಣೆ ಯಾರದು?

ಇದು ಕ್ಲಿನಿಕಲ್ ಫಾರ್ಮಸಿಸ್ಟರ ಕೆಲಸ. ಇವರು ಔಷಧ ವಿತರಣೆಯ ಕಿಟಕಿಯ ಹಿಂದೆ ಕೂರುವವರಲ್ಲ. ವೈದ್ಯರೊಡನೆ ರೋಗಿಯ ಹಾಸಿಗೆಯ ಬಳಿ ನಿಲ್ಲುವವರು. ಮಲೆನಾಡಿಗೆ ಹೊಸದಲ್ಲದ ಇಲಿಜ್ವರ ಉಲ್ಬಣಿಸಿ ಮೂತ್ರಪಿಂಡ ಸೋತರೆ, ಅನೇಕ ಔಷಧಗಳ ಪ್ರಮಾಣವನ್ನು ದಿನದಿನವೂ ಮರುಲೆಕ್ಕ ಹಾಕಬೇಕಾಗುತ್ತದೆ. ಕೀಟನಾಶಕ ಸೇವಿಸಿದವರಿಗೆ ಕೊಡುವ ಅಟ್ರೋಪಿನ್ ಕಡಿಮೆಯಾದರೂ ಅಪಾಯ, ಹೆಚ್ಚಾದರೂ ಅಪಾಯ. ಅಪಸ್ಮಾರಕ್ಕೆ ನೀಡುವ ಫೆನಿಟಾಯಿನ್ ಅನ್ನು ಡೆಕ್ಸ್‌ಟ್ರೋಸ್ ದ್ರಾವಣದಲ್ಲಿ ಬೆರೆಸಿದರೆ ಹರಳುಗಟ್ಟುತ್ತದೆ. ಹಲವು ರೋಗಿಗಳನ್ನು ಏಕಕಾಲಕ್ಕೆ ನೋಡುವ ವೈದ್ಯರು, ದಾದಿಯರು ಎಷ್ಟೇ ನಿಷ್ಠರಾದರೂ ಇಂಥ ವಿವರಗಳಲ್ಲಿ ಒಂದು ಕಣ್ತಪ್ಪಬಹುದು.

ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ನಡೆದ ಅಧ್ಯಯನವೊಂದು 1999ರಲ್ಲಿ ಪ್ರಕಟವಾಯಿತು. ಫಾರ್ಮಸಿಸ್ಟರು ತೀವ್ರ ನಿಗಾ ಘಟಕದ ತಂಡದೊಡನೆ ರೋಗಿಗಳನ್ನು ಕಾಣತೊಡಗಿದ ಮೇಲೆ, ಔಷಧ ಬರೆಯುವಾಗಿನ ತಪ್ಪುಗಳಿಂದಾಗುವ, ತಡೆಯಬಹುದಾದ ಹಾನಿ 1000 ರೋಗಿ-ದಿನಗಳಿಗೆ 10.4ರಿಂದ 3.5ಕ್ಕೆ ಇಳಿಯಿತು. ಅವರ ಸಲಹೆಗಳಲ್ಲಿ ಶೇ 99ರಷ್ಟನ್ನು ವೈದ್ಯರು ಒಪ್ಪಿದರು. ಆ ಅಂಕಿಅಂಶ ನಮ್ಮಲ್ಲಿಗೆ ಯಥಾವತ್ತಾಗಿ ಅನ್ವಯಿಸದಿರಬಹುದು. ಆದರೆ ತಪ್ಪುಗಳ ಸ್ವರೂಪ ಎಲ್ಲೆಡೆಯೂ ಒಂದೇ.

ತರಬೇತಾದವರ ಕೊರತೆ ನಮಗಿಲ್ಲ. ಈ ಶಿಕ್ಷಣಕ್ಕೆ ದೇಶದಲ್ಲಿ ನಾಂದಿ ಹಾಡಿದ ಸಂಸ್ಥೆಗಳಲ್ಲಿ ಮೈಸೂರಿನ ಜೆಎಸ್ಎಸ್ ಫಾರ್ಮಸಿ ಕಾಲೇಜೂ ಒಂದು. ಆರು ವರ್ಷಗಳ ಫಾರ್ಮ್.ಡಿ. ಪದವಿ 2008ರಲ್ಲಿ ಆರಂಭವಾಯಿತು. ಅದರ ಕೊನೆಯ ವರ್ಷ ಆಸ್ಪತ್ರೆಯಲ್ಲೇ ಕಳೆಯುತ್ತದೆ. 2021ರ ತಿದ್ದುಪಡಿಯ ಮೂಲಕ ಫಾರ್ಮಸಿ ವೃತ್ತಿ ನಿಯಮಾವಳಿಯಲ್ಲಿ ಕ್ಲಿನಿಕಲ್ ಫಾರ್ಮಸಿಸ್ಟರಿಗೆ ಸ್ಥಾನವೂ ದೊರೆತಿದೆ. ಆದರೆ ನಿಯಮದಲ್ಲಿ ಹೆಸರಿದ್ದ ಮಾತ್ರಕ್ಕೆ ಆಸ್ಪತ್ರೆಯಲ್ಲಿ ಹುದ್ದೆ ಸೃಷ್ಟಿಯಾಗದೆಂಬುದು ಆಡಳಿತದ ಅನುಭವವುಳ್ಳ ಎಲ್ಲರಿಗೂ ಗೊತ್ತು.

ವೈದ್ಯರು, ದಾದಿಯರೇ ಸಾಲದಿರುವಾಗ ಇನ್ನೊಂದು ಹುದ್ದೆ ಏಕೆ ಎಂಬ ಆಕ್ಷೇಪ ಬರಬಹುದು. ಅವರು ಸಾಲದಿರುವುದರಿಂದಲೇ ಅವರ ಹೊರೆಯನ್ನು ಹಂಚಿಕೊಳ್ಳುವವರು ಬೇಕು. ಚಿಕಿತ್ಸೆಯ ಅಂತಿಮ ತೀರ್ಮಾನ ವೈದ್ಯರದೇ ಆಗಿರುತ್ತದೆ. ಖರ್ಚಿನ ಲೆಕ್ಕದಲ್ಲಿ ಒಬ್ಬರ ವೇತನವಷ್ಟೇ ಕಾಣುತ್ತದೆ. ತಪ್ಪಿದ ಔಷಧದಿಂದ ಹೆಚ್ಚಿದ ಆಸ್ಪತ್ರೆ ವಾಸ, ಕಳೆದುಕೊಂಡ ಕೂಲಿ, ಕುಟುಂಬದ ಸಾಲ ಯಾವ ಲೆಕ್ಕಶೀರ್ಷಿಕೆಯಲ್ಲೂ ಕಾಣವು.

ಚಿಕ್ಕಮಗಳೂರಿನಲ್ಲಿ ಈಗ ಸರ್ಕಾರಿ ವೈದ್ಯಕೀಯ ಕಾಲೇಜಿದೆ. ಅದರ ಬೋಧನಾ ಆಸ್ಪತ್ರೆಯ ತೀವ್ರ ನಿಗಾ ಘಟಕಕ್ಕೆ ಇಬ್ಬರು ಕ್ಲಿನಿಕಲ್ ಫಾರ್ಮಸಿಸ್ಟರನ್ನು ಎರಡು ವರ್ಷಗಳ ಮಟ್ಟಿಗೆ ನೇಮಿಸಿ, ಅವರು ತಡೆದ ತಪ್ಪುಗಳನ್ನು ದಾಖಲಿಸಿ, ಫಲಿತಾಂಶವನ್ನು ಪ್ರಕಟಿಸಲಿ. ಉಳಿದ ಜಿಲ್ಲೆಗಳ ವಿಚಾರವನ್ನು ಆ ದಾಖಲೆ ನೋಡಿ ನಿರ್ಧರಿಸಬಹುದು.