ಕರುಳಿನ ಕ್ಯಾನ್ಸರ್: ಹಂತವಷ್ಟೇ ಅಲ್ಲ, ಗಡ್ಡೆಯ ಗುಣವೂ ಮುಖ್ಯ

ಕ್ಯಾನ್ಸರ್ ಖಚಿತವಾದೊಡನೆ ರೋಗಿಯ ಮನೆಯವರು ವೈದ್ಯರನ್ನು ಕೇಳುವ ಮೊದಲ ಪ್ರಶ್ನೆ, ‘ಎಷ್ಟನೇ ಹಂತ?’ ದೊಡ್ಡಕರುಳು ಹಾಗೂ ಗುದನಾಳದ ಕ್ಯಾನ್ಸರಿನ ಮಟ್ಟಿಗೆ ಈ ಪ್ರಶ್ನೆಯೊಂದೇ ಸಾಲದು. ಒಂದೇ ಹಂತದಲ್ಲಿರುವ ಎರಡು ಗಡ್ಡೆಗಳಲ್ಲಿ ಒಂದು ಶಸ್ತ್ರಚಿಕಿತ್ಸೆಯ ನಂತರ ಮರುಕಳಿಸದಿರಬಹುದು. ಇನ್ನೊಂದು ಕೆಲವೇ ತಿಂಗಳಲ್ಲಿ ಯಕೃತ್ತಿಗೆ ಹಬ್ಬಬಹುದು. 2022ರಲ್ಲಿ ಜಗತ್ತಿನಾದ್ಯಂತ ಸುಮಾರು 19 ಲಕ್ಷ ಮಂದಿಯಲ್ಲಿ ಪತ್ತೆಯಾಗಿ, 9 ಲಕ್ಷ ಮಂದಿಯನ್ನು ಬಲಿ ಪಡೆದ ಈ ರೋಗದಲ್ಲಿ ಗಡ್ಡೆಯ ಉಗ್ರತೆಯನ್ನು ಅಳೆಯಲು ವಿಜ್ಞಾನ ಪ್ರೋಟೀನ್‌ಗಳ ಮೊರೆ ಹೋಗಿದೆ.

ಇವುಗಳಲ್ಲಿ ಹಳೆಯದು ಸಿಇಎ. 1965ರಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ಫಿಲ್ ಗೋಲ್ಡ್ ಮತ್ತು ಸ್ಯಾಮ್ಯುಯೆಲ್ ಫ್ರೀಡ್‌ಮನ್ ಇದನ್ನು ಗುರುತಿಸಿದರು. ರಕ್ತದಲ್ಲಿ ಇದರ ಪ್ರಮಾಣ ಶಸ್ತ್ರಚಿಕಿತ್ಸೆಗೆ ಮುನ್ನವೇ ಹೆಚ್ಚಿದ್ದರೆ ರೋಗ ಮರುಕಳಿಸುವ ಸಂಭವ ಹೆಚ್ಚು. ಇಳಿದ ಪ್ರಮಾಣ ಮತ್ತೆ ಏರಿದರೆ ಅದು ಎಚ್ಚರಿಕೆಯ ಗಂಟೆ. ಆದರೆ ಧೂಮಪಾನಿಗಳಲ್ಲೂ ಯಕೃತ್ತಿನ ಕಾಯಿಲೆ ಇರುವವರಲ್ಲೂ ಸಿಇಎ ಏರುತ್ತದೆ. ಆರಂಭದ ಕ್ಯಾನ್ಸರಿನಲ್ಲಿ ಏರದೆಯೂ ಇರಬಹುದು. ಆದ್ದರಿಂದ ರೋಗಪತ್ತೆಗೆ ಇದನ್ನೇ ನಂಬುವಂತಿಲ್ಲ.

ಇನ್ನಷ್ಟು ನಿರ್ಣಾಯಕವಾದವು ಎಂಎಲ್‌ಎಚ್1, ಎಂಎಸ್‌ಎಚ್2, ಎಂಎಸ್‌ಎಚ್6 ಮತ್ತು ಪಿಎಂಎಸ್2 ಎಂಬ ನಾಲ್ಕು ಪ್ರೋಟೀನ್‌ಗಳು. ಜೀವಕೋಶ ವಿಭಜನೆಯಾಗುವಾಗ ಡಿಎನ್‌ಎ ನಕಲಿನಲ್ಲಿ ನುಸುಳುವ ತಪ್ಪುಗಳನ್ನು ತಿದ್ದುವುದು ಇವುಗಳ ಕೆಲಸ. ಸುಮಾರು ಶೇ. 15ರಷ್ಟು ಕರುಳಿನ ಗಡ್ಡೆಗಳಲ್ಲಿ ಈ ವ್ಯವಸ್ಥೆ ಕೆಟ್ಟಿರುತ್ತದೆ. ಇಲ್ಲೊಂದು ವಿರೋಧಾಭಾಸವಿದೆ. ಇಂಥ ಗಡ್ಡೆಗಳು ಸೂಕ್ಷ್ಮದರ್ಶಕದಡಿ ಹಲವು ಬಾರಿ ಉಗ್ರವಾಗಿಯೇ ಕಾಣುತ್ತವೆ. ಆದರೂ ಎರಡನೇ ಹಂತದಲ್ಲಿ ಇವು ಮರುಕಳಿಸುವುದು ಕಡಿಮೆ. ತಪ್ಪುಗಳು ತುಂಬಿದ ಗಡ್ಡೆಯನ್ನು ದೇಹದ ರೋಗನಿರೋಧಕ ಕಣಗಳು ಸುಲಭವಾಗಿ ಗುರುತಿಸುವುದೇ ಇದಕ್ಕೆ ಮುಖ್ಯ ಕಾರಣ. ಈ ಹಂತದಲ್ಲಿ 5-ಎಫ್‌ಯು ಔಷಧಿಯೊಂದರಿಂದಲೇ ನೀಡುವ ಕೀಮೋಥೆರಪಿಯಿಂದ ಇವರಿಗೆ ಲಾಭವಿಲ್ಲ.

ರೋಗ ಹಬ್ಬಿದ ಮೇಲೆ ಈ ಅನುಕೂಲ ಉಳಿಯುವುದಿಲ್ಲ. ಆದರೆ ಬೇರೊಂದು ದಾರಿ ತೆರೆಯುತ್ತದೆ. ಇಂಥ ರೋಗಿಗಳಿಗೆ ಮೊದಲ ಚಿಕಿತ್ಸೆಯಾಗಿಯೇ ಪೆಂಬ್ರೊಲಿಜುಮ್ಯಾಬ್ ನೀಡಲು ಅಮೆರಿಕ 2020ರಲ್ಲಿ ಅನುಮತಿಸಿತು. ನ್ಯೂಯಾರ್ಕ್‌ನ ಮೆಮೋರಿಯಲ್ ಸ್ಲೋನ್ ಕೆಟರಿಂಗ್ ಕೇಂದ್ರದ ಅಧ್ಯಯನವೊಂದು 2022ರಲ್ಲಿ ಪ್ರಕಟವಾಯಿತು. ಇದೇ ದೋಷವಿದ್ದ, ಇನ್ನೂ ದೂರದ ಅಂಗಗಳಿಗೆ ಹಬ್ಬದ ಗುದನಾಳದ ಕ್ಯಾನ್ಸರಿಗೆ ಡೋಸ್ಟಾರ್ಲಿಮ್ಯಾಬ್ ಚಿಕಿತ್ಸೆ ಪೂರ್ಣಗೊಳಿಸಿದ ಮೊದಲ 12 ಮಂದಿಯಲ್ಲೂ, ಶಸ್ತ್ರಚಿಕಿತ್ಸೆಯಾಗಲಿ ವಿಕಿರಣವಾಗಲಿ ಇಲ್ಲದೆ, ಗಡ್ಡೆ ಮರೆಯಾಗಿತ್ತು.

ಈ ಔಷಧಿಗಳ ಬೆಲೆ ಲಕ್ಷಾಂತರ ರೂಪಾಯಿ. ಆದರೆ ಯಾರಿಗೆ ಇವು ಬೇಕೆಂದು ಹೇಳುವ ಪರೀಕ್ಷೆಗೆ ಬೇಕಾದುದು ಬಯಾಪ್ಸಿಯಲ್ಲಿ ತೆಗೆದ ಅಂಗಾಂಶದ ತುಣುಕು ಮತ್ತು ಬಣ್ಣ ಹಚ್ಚುವ ಪ್ರಯೋಗಾಲಯ ಮಾತ್ರ. ಪರೀಕ್ಷೆ ತಪ್ಪಿದರೆ ಒಬ್ಬರಿಗೆ ಬೇಡದ ಕೀಮೋಥೆರಪಿ, ಇನ್ನೊಬ್ಬರಿಗೆ ಕೈತಪ್ಪಿದ ಚಿಕಿತ್ಸೆ. ಕೆಲವರಲ್ಲಿ ಈ ದೋಷ ವಂಶಪಾರಂಪರ್ಯವಾಗಿ ಬರುವುದರಿಂದ ಮಕ್ಕಳು, ಒಡಹುಟ್ಟಿದವರಿಗೆ ಸಿಗಬೇಕಾದ ಮುನ್ಸೂಚನೆಯೂ ತಪ್ಪುತ್ತದೆ.

ಪ್ರೋಟೀನ್‌ಗಳು ಯಾರ ಭವಿಷ್ಯವನ್ನೂ ನುಡಿಯುವುದಿಲ್ಲ, ಸಾಧ್ಯತೆಯನ್ನಷ್ಟೇ ಹೇಳುತ್ತವೆ. ಆದರೂ ‘ಎಷ್ಟನೇ ಹಂತ?’ ಎಂಬ ಪ್ರಶ್ನೆಯ ಜೊತೆಗೆ ‘ಆ ನಾಲ್ಕು ಪ್ರೋಟೀನ್‌ಗಳ ಪರೀಕ್ಷೆ ಆಗಿದೆಯೇ?’ ಎಂದು ಕೇಳುವುದನ್ನು ರೋಗಿಯ ಮನೆಯವರು ರೂಢಿಸಿಕೊಳ್ಳುವುದು ಒಳಿತು.