ತೆರೆ ತೆರೆಯದಿದ್ದಾಗ

ದೂರದ ಕಂಪ್ಯೂಟರಿನಲ್ಲಿ ಕೆಲಸ ನಡೆಯಿಸಿ, ಅದರ ಚಿತ್ರವನ್ನು ನಮ್ಮೆದುರಿನ ತೆರೆಯ ಮೇಲೆ ನೋಡುವ ಸೌಕರ್ಯವು ಇಂದು ಕಾಲೇಜುಗಳ ಪ್ರಯೋಗಶಾಲೆಗಳಿಗೂ ಬಂದಿದೆ. ವಿಭಾಗದ ದೊಡ್ಡ ಲಿನಕ್ಸ್ ಕಂಪ್ಯೂಟರು ಒಂದು ಕಟ್ಟಡದಲ್ಲಿ, ವಿದ್ಯಾರ್ಥಿಯು ಕುಳಿತಿರುವ ಚಿಕ್ಕ ಕಂಪ್ಯೂಟರು ಇನ್ನೊಂದರಲ್ಲಿ. ಲೆಕ್ಕವು ಅಲ್ಲಿ ನಡೆಯುತ್ತದೆ. ನಕ್ಷೆಯು ಇಲ್ಲಿ ಮೂಡಬೇಕು. ಮೂಡದಿದ್ದಾಗ ಇಂಗ್ಲಿಷಿನಲ್ಲಿ ಒಂದು ಸಾಲಿನ ದೂರು ಬರುತ್ತದೆ: ತೆರೆಯನ್ನು ತೆರೆಯಲಾಗಲಿಲ್ಲ. (ಕನ್ನಡದಲ್ಲಿ ಶ್ಲೇಷೆಯಂತೆ ಕೇಳಿಸುವ ಈ ವಾಕ್ಯವು ಮೂಲದಲ್ಲಿ ಬಹು ನೀರಸವಾದದ್ದು.) ಈ ಒಂದು ಸಾಲನ್ನು ನಮ್ಮ ವಿದ್ಯಾರ್ಥಿಗಳು ಎದುರಿಸುವ ರೀತಿಯ ಬಗೆಗೆ ನಮಗೊಂದು ಆಕ್ಷೇಪಣೆಯುಂಟು. ಅದನ್ನು ವಾಚಕರ ಮುಂದಿಡಬಯಸುತ್ತೇವೆ.

ಕಳೆದ ವರ್ಷ ನಮ್ಮ ಅಂತಿಮ ಬಿ.ಎಸ್‌ಸಿ. ತರಗತಿಯ ವಿದ್ಯಾರ್ಥಿಯೊಬ್ಬನು ಲೋಲಕವೊಂದರ ಅನಿಯತ ಚಲನೆಯನ್ನು ಗಣಿಸುವ ಕೆಲಸ ಹಿಡಿದಿದ್ದನು. ಗಣನೆಯ ಫಲವನ್ನು ಗ್ನುಪ್ಲಾಟ್ ಎಂಬ ತಂತ್ರಾಂಶದಿಂದ ನಕ್ಷೆಯಾಗಿ ನೋಡುವುದು ಅವನ ಪದ್ಧತಿ. ಒಂದು ವಾರ ಸರಿಯಾಗಿ ಬರುತ್ತಿದ್ದ ನಕ್ಷೆಯು ಒಂದು ಮಧ್ಯಾಹ್ನ ಬರಲಿಲ್ಲ. ಆಗ ಸಹಪಾಠಿಯೊಬ್ಬನು ತಾನೆಲ್ಲಿಯೋ ಕಲಿತಿದ್ದ ಉಪಾಯವನ್ನು ಹೇಳಿಕೊಟ್ಟನು: ಎದುರಿನ ಕಂಪ್ಯೂಟರಿಗೆ ‘ಎಕ್ಸ್‌ಹೋಸ್ಟ್ ಪ್ಲಸ್’ ಎಂಬ ಆಜ್ಞೆ ಕೊಡು, ದೂರದ ಕಂಪ್ಯೂಟರಿಗೆ ಇದರ ವಿಳಾಸವನ್ನು ಕೈಯಾರೆ ತಿಳಿಸು, ಆಯಿತು. ನಿಜಕ್ಕೂ ಆಯಿತು. ನಕ್ಷೆ ಬಂದಿತು, ಇಬ್ಬರೂ ಚಹಾ ಕುಡಿಯಲು ಹೋದರು. ಸಂಜೆ ಹುಡುಗನು ರಾತ್ರಿಯಿಡೀ ನಡೆಯತಕ್ಕ ದೀರ್ಘ ಗಣನೆಯೊಂದನ್ನು ಹಚ್ಚಿ ಮನೆಗೆ ತೆರಳಿದನು. ಬೆಳಗ್ಗೆ ಬಂದು ನೋಡಿದರೆ ಫಲದ ಕಡತದಲ್ಲಿ ಒಂದಂಕಿಯೂ ಇರಲಿಲ್ಲ. ಡಿಸ್ಕಿನಲ್ಲಿ ಅವನ ಪಾಲಿನ ಸ್ಥಳವೆಲ್ಲ ಹಿಂದಿನ ದಿನವೇ ತುಂಬಿಹೋಗಿತ್ತು. ನಕ್ಷೆ ಬಾರದಿದ್ದುದಕ್ಕೂ ಅದೇ ಕಾರಣ! ಯಂತ್ರವು ಮುನ್ನಾದಿನವೇ ಎಚ್ಚರಿಸಿತ್ತು. ಉಪಾಯವು ಅದರ ಬಾಯಿ ಮುಚ್ಚಿಸಿತ್ತು.

ಡಿಸ್ಕು ತುಂಬುವುದಕ್ಕೂ ಕಿಟಕಿ ತೆರೆಯದಿರುವುದಕ್ಕೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ಅದನ್ನರಿಯಲು ಈ ಏರ್ಪಾಡಿನ ರಚನೆಯನ್ನು ಸ್ವಲ್ಪ ನೋಡಬೇಕು. ಇದರ ಹೆಸರು ಎಕ್ಸ್ ವಿಂಡೋ ವ್ಯವಸ್ಥೆ. ಅಮೆರಿಕದ ಮ್ಯಾಸಚೂಸೆಟ್ಸ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯಲ್ಲಿ ೧೯೮೪ರಲ್ಲಿ ರಾಬರ್ಟ್ ಶೈಫ್ಲರ್ ಮತ್ತು ಜಿಮ್ ಗೆಟ್ಟಿಸ್ ಎಂಬವರು ಇದನ್ನು ಆರಂಭಿಸಿದರು. ಸ್ಟ್ಯಾನ್‌ಫರ್ಡಿನಿಂದ ಬಂದ ‘ಡಬ್ಲ್ಯು’ ಎಂಬ ವ್ಯವಸ್ಥೆಯ ಬಳಿಕ ಹುಟ್ಟಿದುದರಿಂದ ಮುಂದಿನ ಅಕ್ಷರವೇ ಇದರ ಹೆಸರಾಯಿತು. ಇಂದಿಗೂ ಬಳಕೆಯಲ್ಲಿರುವ ಹನ್ನೊಂದನೆಯ ಆವೃತ್ತಿಯು ೧೯೮೭ರದು.

ಇದರಲ್ಲಿ ಹೊಸಬರನ್ನು ದಿಕ್ಕು ತಪ್ಪಿಸುವ ಅಂಶವೊಂದುಂಟು. ಸರ್ವರು ಎಂದರೆ ದೂರದ ದೊಡ್ಡ ಕಂಪ್ಯೂಟರೆಂದೂ ಕ್ಲಯಂಟು ಎಂದರೆ ನಮ್ಮೆದುರಿನ ಚಿಕ್ಕದೆಂದೂ ಎಲ್ಲರ ಭಾವನೆ. ಎಕ್ಸ್ ವ್ಯವಸ್ಥೆಯಲ್ಲಿ ಇದು ತಲೆಕೆಳಗು. ಊಟದ ಪಂಕ್ತಿಯಲ್ಲಿ ಅಡಿಗೆಯು ಒಳಗೆಲ್ಲೋ ಆಗುತ್ತದೆ, ಬಡಿಸುವವನು ಮಾತ್ರ ನಮ್ಮ ಎಲೆಯ ಮುಂದೆ ನಿಂತಿರುತ್ತಾನಷ್ಟೆ. ಹಾಗೆಯೇ ತೆರೆ, ಕೀಲಿಮಣೆ, ಮೌಸು ಇವುಗಳ ಸೇವೆಯನ್ನು ಒದಗಿಸುವ ಸರ್ವರು ನಮ್ಮ ಮೇಜಿನ ಮೇಲಿರುವ ಯಂತ್ರದಲ್ಲಿದೆ. ದೂರದಲ್ಲಿ ನಡೆಯುತ್ತಿರುವ ಗ್ನುಪ್ಲಾಟು, ‘ಇಲ್ಲೊಂದು ಗೆರೆ ಎಳೆಯಿರಿ’ ಎಂದು ಜಾಲದ ಮೂಲಕ ಬೇಡಿಕೊಳ್ಳುವ ಕ್ಲಯಂಟು. ಈ ದಿಕ್ಕನ್ನು ಗ್ರಹಿಸಿದವನಿಗೆ ಅರ್ಧ ತೊಂದರೆ ಪರಿಹಾರವಾದಂತೆಯೇ.

ಬೇಡಿಕೆಯು ಬರುವುದು ಒಂದು ಕಾಗದ ಬರುವ ಹಾಗೆ. ವಿಳಾಸ ಬೇಕು, ದಾರಿ ಬೇಕು, ಬಾಗಿಲಲ್ಲಿ ಒಳಗೆ ಬಿಡುವವರು ಬೇಕು. ವಿಳಾಸವು ದೂರದ ಯಂತ್ರದಲ್ಲಿ ‘ಡಿಸ್‌ಪ್ಲೇ’ ಎಂಬ ಚರದಲ್ಲಿರುತ್ತದೆ: ಯಂತ್ರದ ಹೆಸರು, ಆಮೇಲೆ ಎರಡು ಚುಕ್ಕೆ, ಆಮೇಲೆ ತೆರೆಯ ಸಂಖ್ಯೆ. ಹೆಸರನ್ನು ಬಿಟ್ಟು ಬರಿದೆ ಚುಕ್ಕೆ ಮತ್ತು ಸೊನ್ನೆಯನ್ನು ಬರೆದರೆ ‘ಇದೇ ಯಂತ್ರದ ತೆರೆ’ ಎಂದರ್ಥ. ಎಷ್ಟೋ ವಿದ್ಯಾರ್ಥಿಗಳು ದೂರದ ಯಂತ್ರದಲ್ಲಿಯೂ ಇದನ್ನೇ ಬರೆದಿಡುತ್ತಾರೆ. ಪರಊರಿನಲ್ಲಿ ನಿಂತು ‘ನಮ್ಮ ಮನೆ’ ಎಂದಷ್ಟೇ ವಿಳಾಸ ಬರೆದು ಅಂಚೆಗೆ ಹಾಕಿದಂತಾಯಿತು ಇದು.

ದಾರಿಯನ್ನು ಈಗ ಬಹುಮಟ್ಟಿಗೆ ಎಸ್‌ಎಸ್‌ಎಚ್ ಎಂಬ ಸಾಧನವೇ ನಿರ್ಮಿಸಿಕೊಡುತ್ತದೆ. ಹೆಲ್ಸಿಂಕಿಯ ತಂತ್ರವಿಜ್ಞಾನ ವಿಶ್ವವಿದ್ಯಾಲಯದಲ್ಲಿ ತಾತು ಯಿಲೋನೆನ್ ಎಂಬವರು ೧೯೯೫ರಲ್ಲಿ ಇದನ್ನು ರಚಿಸಿದರು. ಸಂಪರ್ಕ ಮಾಡುವಾಗ ದೊಡ್ಡಕ್ಷರದ ಎಕ್ಸ್ ಗುರುತನ್ನು ಸೇರಿಸಿದರೆ, ಗೂಢಲಿಪಿಯ ಸುರಂಗವೊಂದು ಸಿದ್ಧವಾಗಿ, ದೂರದ ಯಂತ್ರದಲ್ಲಿ ವಿಳಾಸವೂ ತಾನಾಗಿ ಬರೆಯಲ್ಪಡುತ್ತದೆ. ಸಾಮಾನ್ಯವಾಗಿ ಅದು ‘ಲೋಕಲ್‌ಹೋಸ್ಟ್’ ಎಂದೂ ತೆರೆಯ ಸಂಖ್ಯೆ ೧೦ ಎಂದೂ ಇರುತ್ತದೆ. ಸಂಖ್ಯೆಗೆ ೬೦೦೦ ಕೂಡಿಸಿದರೆ ಜಾಲದ ಬಾಗಿಲಿನ ಸಂಖ್ಯೆ, ಅಂದರೆ ೬೦೧೦. ಈ ವಿಳಾಸವನ್ನು ನಾವು ಮುಟ್ಟಕೂಡದು. ಹಿಂದೆಂದೋ ಆರಂಭದ ಕಡತದಲ್ಲಿ ಬರೆದಿಟ್ಟ ಹಳೆಯ ವಿಳಾಸವು ಪ್ರತಿಸಲವೂ ಇದರ ಮೇಲೆ ಬಂದು ಕೂತು ಕೆಲಸ ಕೆಡಿಸುವುದನ್ನು ನಾವು ಹಲವು ಬಾರಿ ಕಂಡಿದ್ದೇವೆ.

ಇನ್ನು ಬಾಗಿಲು. ಬಂದವರನ್ನೆಲ್ಲ ಒಳಗೆ ಬಿಡದಂತೆ ಎಕ್ಸ್ ಸರ್ವರು ಒಂದು ಗುಟ್ಟಿನ ಸಂಖ್ಯೆಯನ್ನು ಕೇಳುತ್ತದೆ. ಇದಕ್ಕೆ ‘ಮ್ಯಾಜಿಕ್ ಕುಕಿ’ ಎಂಬ ತಮಾಷೆಯ ಹೆಸರಿದೆ. ಉದ್ದ ೧೨೮ ಬಿಟ್ಟುಗಳು, ಊಹೆಯಿಂದ ಹೊಡೆಯುವಂಥದಲ್ಲ. ಎಸ್‌ಎಸ್‌ಎಚ್ ಸಾಧನವು ದೂರದ ಯಂತ್ರಕ್ಕೆ ನಿಜವಾದ ಸಂಖ್ಯೆಯನ್ನು ಕೊಡದೆ ಹುಸಿ ಸಂಖ್ಯೆಯೊಂದನ್ನು ಕೊಟ್ಟು, ಬೇಡಿಕೆಯು ನಮ್ಮ ಕಡೆಗೆ ಬಂದ ಮೇಲೆ ಅದನ್ನು ನಿಜದೊಂದಿಗೆ ಬದಲಾಯಿಸುತ್ತದೆ. ಬಹಳ ಚತುರವಾದ ಏರ್ಪಾಡು. ಆದರೆ ಆ ಹುಸಿ ಸಂಖ್ಯೆಯು ದೂರದ ಯಂತ್ರದಲ್ಲಿ, ಬಳಕೆದಾರನ ಸ್ವಂತ ಜಾಗದಲ್ಲಿ, ಒಂದು ಪುಟ್ಟ ಕಡತದಲ್ಲಿ ಬರೆಯಲ್ಪಡಬೇಕು. ಡಿಸ್ಕು ತುಂಬಿದ್ದರೆ ಬರೆಯುವುದೆಲ್ಲಿ? ನಮ್ಮ ಹುಡುಗನಿಗೆ ಆದದ್ದು ಇದೇ. ಸಂಪರ್ಕವಾದ ಕೂಡಲೇ ‘ಅನುಮತಿಯ ಕಡತವನ್ನು ಬರೆಯಲಾಗಲಿಲ್ಲ’ ಎಂಬ ಸಾಲು ತೆರೆಯ ಮೇಲೆ ಬಂದಿತ್ತು. ಅವನು ಅದನ್ನು ಓದಿರಲಿಲ್ಲ. ಗೆಳೆಯನ ಉಪಾಯವು ಗುಟ್ಟಿನ ಸಂಖ್ಯೆಯನ್ನು ಕೇಳುವ ಪದ್ಧತಿಯನ್ನೇ ತೆಗೆದುಹಾಕಿದ್ದರಿಂದ ಕಡತವಿಲ್ಲದೆಯೂ ನಕ್ಷೆ ಬಂದಿತು.

‘ಎಕ್ಸ್‌ಹೋಸ್ಟ್ ಪ್ಲಸ್’ ಎಂದರೆ ಬಾಗಿಲಿನ ಕದವನ್ನೇ ಕಿತ್ತಿಟ್ಟಂತೆ. ಈಗಿನ ಎಕ್ಸ್ ಸರ್ವರುಗಳು ಜಾಲದ ಬಾಗಿಲನ್ನು ಮೊದಲಿನಿಂದಲೇ ಮುಚ್ಚಿರುತ್ತವೆ. ನಮ್ಮ ಪ್ರಯೋಗಶಾಲೆಯಲ್ಲಿ ಹಿಂದೆ ಯಾರೋ ಅದನ್ನು ತೆರೆದಿಟ್ಟಿದ್ದರು. ಆದ್ದರಿಂದಲೇ ಉಪಾಯವು ಫಲಿಸಿದ್ದು. ಮಾತಿನಿಂದ ಹುಡುಗರಿಗೆ ಇದರ ಅಪಾಯ ಮನದಟ್ಟಾಗಲಿಲ್ಲ. ಆಗ ಆ ಹುಡುಗನ ಒಪ್ಪಿಗೆ ಪಡೆದು, ಕೋಣೆಯ ಇನ್ನೊಂದು ತುದಿಯ ಯಂತ್ರದಿಂದ ನಾವು ಅವನ ತೆರೆಯ ಮೇಲೆ ‘ಎಕ್ಸ್‌ಐಸ್’ ಎಂಬ ಆಟಿಕೆಯನ್ನು ತೆರೆದೆವು. ಎರಡು ದೊಡ್ಡ ಕಣ್ಣುಗಳು ಮೂಡಿ, ಅವನ ಮೌಸು ಹೋದತ್ತ ನೋಡತೊಡಗಿದವು. ಎಲ್ಲರೂ ನಕ್ಕರು. ಬಳಿಕ ಅವನು ತನ್ನ ಕೀಲಿಮಣೆಯಲ್ಲಿ ಏನಾದರೂ ಬರೆಯಲೆಂದು ಹೇಳಿ, ಅವನು ಒತ್ತಿದ ಒಂದೊಂದು ಕೀಲಿಯ ಸಂಖ್ಯೆಯೂ ನಮ್ಮ ತೆರೆಯ ಮೇಲೆ ಸಾಲಾಗಿ ಬರುವುದನ್ನು ತೋರಿಸಿದೆವು. ಒತ್ತಿದ್ದು ಸಂಕೇತಪದವಾಗಿದ್ದರೂ ಹೀಗೆಯೇ ಬರುತ್ತಿತ್ತು. ಆಗ ಯಾರೂ ನಗಲಿಲ್ಲ.

ಭೌತವಿಜ್ಞಾನದ ವಿದ್ಯಾರ್ಥಿಗಳು ಇಂಥ ಉಪಾಯಕ್ಕೆ ಮರುಳಾಗುವುದೇ ನಮಗೆ ಆಶ್ಚರ್ಯ. ಮೀಟರ್ ಬ್ರಿಜ್ ಪ್ರಯೋಗದಲ್ಲಿ ಗ್ಯಾಲ್ವನೋಮೀಟರಿನ ಮುಳ್ಳು ಒಂದೇ ಕಡೆಗೆ ವಾಲುತ್ತಿದ್ದರೆ ಜಾಣನಾದವನು ತಂತಿಗಳನ್ನೆಲ್ಲ ಕಿತ್ತುಹಾಕುವುದಿಲ್ಲ. ಒಂದೊಂದೇ ಜೋಡಣೆಯನ್ನು ಮುಟ್ಟಿ ನೋಡುತ್ತಾನೆ. ಇಲ್ಲಿಯೂ ಅಷ್ಟೆ. ದೂರಿನ ಸಾಲಿನ ಕೊನೆಯಲ್ಲಿ ಸಾಮಾನ್ಯವಾಗಿ ಯಂತ್ರವು ಪ್ರಯತ್ನಿಸಿದ ವಿಳಾಸವಿರುತ್ತದೆ. ಅದನ್ನೇ ನಮ್ಮವರು ಓದುವುದಿಲ್ಲ. ಅಲ್ಲಿ ಏನೂ ಇಲ್ಲದಿದ್ದರೆ ಸುರಂಗವೇ ಸಿದ್ಧವಾಗಿಲ್ಲ: ನಾವು ಎಕ್ಸ್ ಗುರುತನ್ನು ಮರೆತಿರಬಹುದು, ದೂರದ ಯಂತ್ರದ ವ್ಯವಸ್ಥಾಪಕರು ಅದಕ್ಕೆ ಅವಕಾಶ ಕೊಟ್ಟಿಲ್ಲದಿರಬಹುದು, ಅಥವಾ ಅಲ್ಲಿ ‘ಎಕ್ಸ್‌ಆಥ್’ ಎಂಬ ಸಣ್ಣ ತಂತ್ರಾಂಶವನ್ನು ಸ್ಥಾಪಿಸಿಲ್ಲದಿರಬಹುದು. ಎಸ್‌ಎಸ್‌ಎಚ್ ಆಜ್ಞೆಗೆ ಚಿಕ್ಕಕ್ಷರದ ವಿ ಗುರುತನ್ನು ಸೇರಿಸಿದರೆ ಅದು ತನ್ನ ಪ್ರತಿ ಹೆಜ್ಜೆಯನ್ನೂ ಹೇಳುತ್ತ ಹೋಗುತ್ತದೆ. ೧೦ ಸಂಖ್ಯೆಯ ವಿಳಾಸವಿದ್ದೂ ಕಿಟಕಿ ತೆರೆಯದಿದ್ದರೆ ಸಂದೇಹವು ಅನುಮತಿಯ ಮೇಲೆ ಬರಬೇಕು. ಆಗ ನೋಡಬೇಕಾದದ್ದು ಕಡತ, ಡಿಸ್ಕಿನ ಸ್ಥಳ, ಮತ್ತು ನಡುವೆ ಬೇರೊಬ್ಬ ಬಳಕೆದಾರನ ಹೆಸರಿಗೆ ಬದಲಾಯಿಸಿಕೊಂಡಿದ್ದೇವೆಯೇ ಎಂಬುದು. ಕೆಲವು ಏರ್ಪಾಡುಗಳಲ್ಲಿ ಅನುಮತಿಯು ೨೦ ನಿಮಿಷಗಳಿಗೆ ಮುಗಿದು, ಹಳೆಯ ಕಿಟಕಿಯಿದ್ದರೂ ಹೊಸದು ತೆರೆಯದಿರುವುದುಂಟು.

ಕಿಟಕಿ ತೆರೆದರೂ ಆಮೆಯಂತೆ ತೆವಳುವುದು ಬೇರೆಯ ವಿಷಯ. ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೋಮೀಟರು ಚಲಿಸುತ್ತದೆ. ಹತ್ತು ಸಾವಿರ ಕಿಲೋಮೀಟರು ದೂರದ ಯಂತ್ರಕ್ಕೆ ಹೋಗಿ ಬರಲು ಕನಿಷ್ಠ ೦.೧ ಸೆಕೆಂಡು. ಒಂದು ಪ್ರಶ್ನೆಗೆ ಉತ್ತರ ಬಂದ ಮೇಲೆಯೇ ಇನ್ನೊಂದನ್ನು ಕೇಳುವ ತಂತ್ರಾಂಶವು ೨೦೦ ಬಾರಿ ಕೇಳಿದರೆ ೨೦ ಸೆಕೆಂಡು ಕಾಯುವುದಷ್ಟೇ ನಮ್ಮ ಕೆಲಸ. ಇದು ದೋಷವಲ್ಲ, ದುರಸ್ತಿಯೂ ಇಲ್ಲ. ಅಂಥಲ್ಲಿ ನಕ್ಷೆಯನ್ನು ಅಲ್ಲಿಯೇ ಚಿತ್ರದ ಕಡತವಾಗಿ ಮಾಡಿ ತರಿಸಿಕೊಳ್ಳುವುದೇ ಲೇಸೆಂದು ನಮ್ಮ ಮತ.

ಎಕ್ಸ್ ವ್ಯವಸ್ಥೆಯು ಹಳೆಯದಾಯಿತು, ೨೦೦೮ರಲ್ಲಿ ಆರಂಭವಾದ ವೇಲ್ಯಾಂಡ್ ಅದರ ಸ್ಥಾನಕ್ಕೆ ಬರುತ್ತಿದೆ, ಇದನ್ನೆಲ್ಲ ಏಕೆ ಕಲಿಯಬೇಕು ಎಂದು ಸಹೋದ್ಯೋಗಿಗಳೇ ನಮ್ಮನ್ನು ಕೇಳಿದ್ದಾರೆ. ವೇಲ್ಯಾಂಡ್ ಇರುವ ಯಂತ್ರಗಳಲ್ಲಿಯೂ ಎಕ್ಸ್ ತಂತ್ರಾಂಶಗಳಿಗಾಗಿ ಎಕ್ಸ್‌ವೇಲ್ಯಾಂಡ್ ಎಂಬ ಸರ್ವರನ್ನು ಇರಿಸಿರುತ್ತಾರೆ. ಸುರಂಗದ ಮಾರ್ಗವು ಅದರ ಮೂಲಕ ನಡೆಯುತ್ತಲೇ ಇದೆ. ಅದಿರಲಿ. ಹಳೆಯದೆಂಬ ಕಾರಣದಿಂದ ಮೀಟರ್ ಬ್ರಿಜ್ಜನ್ನು ನಾವು ಪಠ್ಯದಿಂದ ತೆಗೆದಿಲ್ಲವಲ್ಲ! ತಪ್ಪಿನಲ್ಲಿ ನಮ್ಮ ಪಾಲೂ ಇದೆ ಎಂಬುದನ್ನು ಒಪ್ಪಿಕೊಳ್ಳಬೇಕು. ದಾಖಲೆ ಪುಸ್ತಕದಲ್ಲಿ ನಕ್ಷೆಯಿದ್ದರೆ ಅಂಕ ಕೊಡುತ್ತೇವೆ. ಅದು ಯಾವ ದಾರಿಯಲ್ಲಿ ಬಂದಿತೆಂದು ಕೇಳುವುದಿಲ್ಲ. ಕೇಳದಿರುವಾಗ ಹುಡುಗನು ಹತ್ತಿರದ ಉಪಾಯವನ್ನು ಹಿಡಿದರೆ ಅವನೊಬ್ಬನನ್ನೇ ದೂರುವುದು ನ್ಯಾಯವಲ್ಲ.

ಈ ವರ್ಷದಿಂದ ನಮ್ಮ ಪ್ರಯೋಗಶಾಲೆಯ ಯಂತ್ರಗಳಲ್ಲಿ ಆ ಹಳೆಯ ಜಾಲದ ಬಾಗಿಲನ್ನು ಮುಚ್ಚಿಸಿದ್ದೇವೆ. ನಕ್ಷೆ ಬಾರದಿದ್ದವರು ದೂರಿನ ಸಾಲನ್ನೂ, ಅದಕ್ಕೆ ಮೊದಲು ಬಂದ ಸಾಲುಗಳನ್ನೂ ಒಂದಕ್ಷರ ಬಿಡದೆ ದಾಖಲೆ ಪುಸ್ತಕದಲ್ಲಿ ಬರೆದುಕೊಂಡು, ಡಿಸ್ಕಿನಲ್ಲಿ ಎಷ್ಟು ಸ್ಥಳ ಉಳಿದಿದೆಯೆಂಬುದನ್ನು ಕೆಳಗೆ ನಮೂದಿಸಿ, ಶನಿವಾರ ಮಧ್ಯಾಹ್ನ ನಮ್ಮ ಬಳಿಗೆ ಬರಬೇಕೆಂದು ಸೂಚಿಸಿದ್ದೇವೆ. ಮೊದಲ ತಿಂಗಳು ಹನ್ನೊಂದು ಮಂದಿ ಬಂದರು. ಅವರಲ್ಲಿ ನಾಲ್ವರು ಬಾಗಿಲಿನಿಂದಲೇ ಹಿಂದಿರುಗಿದರು. ಬರೆಯುವಾಗಲೇ ಕಾರಣ ತಿಳಿಯಿತಂತೆ.