ಮೂಗು ಕಟ್ಟಿದರೆ ಉಪ್ಪುನೀರು



ಸಿಂಧನೂರಿನ ಕಡೆ ಭತ್ತದ ರಾಶಿ ಶುರುವಾಯಿತೆಂದರೆ ಮನೆಮನೆಯಲ್ಲೂ ಸೀನು. ಲಿಂಗಸುಗೂರು, ಮಸ್ಕಿ ಕಡೆ ತೊಗರಿ, ಜೋಳದ ಹೊಟ್ಟಿನ ದೂಳು ಬೇರೆ. "ಹಣಿ ಭಾರ ಆಗ್ಯಾದ್ರೀ, ಮೂಗು ಬಂದ್ ಆಗಿ ರಾತ್ರಿ ನಿದ್ದೀನೇ ಇಲ್ಲ" ಎನ್ನುವವರು ಎಷ್ಟು ಮಂದಿ! ಅಂಥವರಿಗೆ ಈ ಸಲ ಅಡುಗೆಮನೆಯದೇ ಒಂದು ಉಪಾಯ.

ಹಣೆ, ಕೆನ್ನೆಯ ಎಲುಬಿನೊಳಗೆ ಸೈನಸ್ ಎಂಬ ಪೊಳ್ಳು ಜಾಗಗಳಿವೆ. ಅವುಗಳ ಬಾಯಿ ತೆರೆಯುವುದು ಮೂಗಿನೊಳಗೆ. ದೂಳಿಗೋ ನೆಗಡಿಗೋ ಮೂಗಿನ ಒಳಪದರ ಬಾತರೆ ಆ ಬಾಯಿ ಮುಚ್ಚಿ ಸಿಂಬಳ ಒಳಗೇ ನಿಲ್ಲುತ್ತದೆ; ತಲೆಭಾರವಾಗುತ್ತದೆ. ಉಪ್ಪುನೀರು ದೂಳನ್ನೂ ಗಟ್ಟಿ ಸಿಂಬಳವನ್ನೂ ತೊಳೆದು ಹಾಕುತ್ತದೆ. ಯೋಗದವರ ಜಲನೇತಿ ಇದೇ.

ಒಂದು ಲೀಟರ್ ನೀರನ್ನು ಕುದಿ ಬಂದ ಮೇಲೂ ಐದು ನಿಮಿಷ ಕುದಿಸಿ, ಮುಚ್ಚಿಟ್ಟು ಉಗುರುಬೆಚ್ಚಗಾಗಲು ಬಿಡಿ. ಒಂದೂವರೆ ಟೀ ಚಮಚ ಪುಡಿ ಉಪ್ಪು, ಚಿಟಿಕೆ ಅಡುಗೆ ಸೋಡಾ ಬೆರೆಸಿ. ಉಪ್ಪು ಹೆಚ್ಚಾದರೂ ಉರಿ, ಬರೀ ನೀರಾದರೂ ಉರಿ. ಬಚ್ಚಲಲ್ಲಿ ಮುಂದಕ್ಕೆ ಬಾಗಿ, ತಲೆ ಒಂದು ಪಕ್ಕಕ್ಕೆ ವಾಲಿಸಿ, ಬಾಯಿಂದ ಉಸಿರಾಡುತ್ತಾ ಮೇಲಿನ ಹೊಳ್ಳೆಗೆ ನೇತಿ ಪಾತ್ರೆಯಿಂದ ಮೆಲ್ಲಗೆ ಸುರಿಯಿರಿ. ಕೆಳಗಿನ ಹೊಳ್ಳೆಯಿಂದ ಇಳಿಯುತ್ತದೆ. ಆಮೇಲೆ ಇನ್ನೊಂದು ಪಕ್ಕ. ಮೂಗನ್ನು ಜೋರಾಗಿ ಸೀಟಬೇಡಿ, ಕಿವಿಗೆ ತೊಂದರೆ. ಪಾತ್ರೆ ತೊಳೆದು ಒಣಗಿಸಿಡಿ. ನೀರು ದಿನಾ ಹೊಸದೇ ಆಗಬೇಕು.

"ಕುಡಿಯೋ ನೀರೇ ಅಲ್ಲವಾ, ಕುದಿಸೋದ್ಯಾಕೆ?" ಅಂತೀರೇನೋ. ನಮ್ಮ ಕಡೆ ಕಾಲುವೆ ನೀರು ಕೆರೆಯಲ್ಲಿ ನಿಂತು ನಲ್ಲಿಗೆ ಬರುತ್ತದೆ. ಬೆಚ್ಚಗಿನ ಸಿಹಿನೀರಿನಲ್ಲಿ ನೆಗ್ಲೇರಿಯಾ ಎಂಬ ಕಣ್ಣಿಗೆ ಕಾಣದ ಅಮೀಬಾ ಇರಬಹುದು. ಕುಡಿದರೆ ಅದು ಏನೂ ಮಾಡದು. ಮೂಗಿನಿಂದ ಹೋದರೆ ಮಿದುಳಿಗೇ ಏರೀತು. ಬಲು ಅಪರೂಪ, ಆದರೆ ಬಂದರೆ ಬದುಕುವುದು ಕಷ್ಟ. ೨೦೧೧ರಲ್ಲಿ ಅಮೆರಿಕದ ಲೂಸಿಯಾನಾದಲ್ಲಿ ನಲ್ಲಿನೀರಿನಿಂದ ಮೂಗು ತೊಳೆದುಕೊಂಡ ಇಬ್ಬರು ಹೀಗೆ ತೀರಿಕೊಂಡರು. ಬಟ್ಟೆಯಲ್ಲಿ ಸೋಸಿದರೆ ಅದು ಹೋಗದು, ಕುದಿಸಿದರೆ ಸಾಯುತ್ತದೆ. ಗ್ಯಾಸು ಉಳಿಸಲು ಹೋಗಬೇಡಿ.

ಮಗುವಿನ ಒಂದೇ ಹೊಳ್ಳೆಯಿಂದ ನಾರುವ ಸಿಂಬಳ ಬಂದರೆ ಕಡಲೆಕಾಳೋ ಮಣಿಯೋ ಸಿಕ್ಕಿರಬಹುದು. ತೊಳೆಯಲು ಹೋಗದೆ ಡಾಕ್ಟರಿಗೆ ತೋರಿಸಿ. ಜ್ವರ, ಕಣ್ಣಿನ ಸುತ್ತ ಬಾವು, ಕಿವಿನೋವು, ಹತ್ತು ದಿನವಾದರೂ ಇಳಿಯದ ನೆಗಡಿ, ಇವಕ್ಕೂ ಮನೆಮದ್ದು ಸಾಲದು.

ಕಣಕ್ಕೆ ಹೋಗುವಾಗ ಸೆರಗನ್ನಾದರೂ ಮೂಗಿಗೆ ಬಿಗಿದುಕೊಳ್ಳಿ. ಮನೆಯವರಿಗೂ ಒಂದು ಟವೆಲ್ ಕೊಟ್ಟು ಕಳಿಸಿ.